ಶೋಕೇಸ್ ಚಿಕ್ಕಪ್ಪನ ಕವರ್

ನಮ್ಮ ಚಿಕ್ಕಪ್ಪನನ್ನು ಬೀದಿಯವರೆಲ್ಲ ಶೋಕೇಸ್ ಎಂದೇ ಕರೆಯುವುದು. ಅವರ ನಿಜವಾದ ಹೆಸರು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದುಕೊಂಡಿದೆ. ಆ ಬಿಲ್ಲು ತರುವವನು ಕೂಡ ಬಾಗಿಲಲ್ಲಿ ನಿಂತು “ಶೋಕೇಸ್ ಸಾರ್” ಎಂದು ಕೂಗುತ್ತಾನೆ, ಇವರೂ ಓಗೊಡುತ್ತಾರೆ. ಬೇಜಾರೇನಿಲ್ಲ. ಕೇಳಿದರೆ, ಕೆಲಸದಿಂದ ಬಂದ ಹೆಸರು, ಅಪ್ಪ ಅಮ್ಮ ಇಟ್ಟಿದ್ದಕ್ಕಿಂತ ಗಟ್ಟಿ ಎನ್ನುತ್ತಾರೆ.

ಆ ಕೆಲಸ ಏನೆಂದರೆ, ದೊಡ್ಡ ರಸ್ತೆಯ ಬಟ್ಟೆ ಅಂಗಡಿಯ ಗಾಜಿನೊಳಗೆ ಗೊಂಬೆಗಳಿಗೆ ಬಟ್ಟೆ ತೊಡಿಸುವುದು. ಬೆಳಿಗ್ಗೆ ಚಪ್ಪಲಿ ಬಿಟ್ಟು ಗಾಜಿನ ಕೋಣೆಗೆ ಇಳಿದರೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಹೊರಗೆ ನಿಂತು ನೋಡುವವರ ಕಡೆ ತಿರುಗಿಯೂ ನೋಡದೆ, ಮಧ್ಯಾಹ್ನದವರೆಗೂ ಗೊಂಬೆಗಳ ಸೇವೆ. ಗೊಂಬೆಗಳೆಲ್ಲ ಒಂದೇ ಮೈಕಟ್ಟಿನವು, ಬಟ್ಟೆಗಳು ಹತ್ತಾರು ಅಳತೆಯವು. ಅಂಗಿ ದೊಗಳೆಯಾದರೆ ಬೆನ್ನ ಹಿಂದೆ ಹಿಡಿದು ಮಡಿಸಿ ಪಿನ್ ಹಾಕುವುದು. ಬಿಗಿಯಾದರೆ ಬೆನ್ನನ್ನು ಉದ್ದಕ್ಕೆ ಬಿಚ್ಚಿ, ಎರಡೂ ಕಡೆ ಎಳೆದು, ಆಗಲೂ ಪಿನ್ ಹಾಕುವುದು. ಮುಂದಿನಿಂದ ನೋಡಿದವರಿಗೆ, ಈ ಅಂಗಿಯನ್ನು ಈ ಗೊಂಬೆಯ ಮೇಲೆಯೇ ಎರಕ ಹೊಯ್ದಿದ್ದಾರೇನೋ ಅನ್ನಿಸಬೇಕು. ಅದನ್ನು ನೋಡಿ ಮರುಳಾಗಿ ಒಳಗೆ ಬಂದವರು ಅದೇ ಅಂಗಿ ತೊಟ್ಟು, ಕನ್ನಡಿಯ ಮುಂದೆ ನಿಂತು, ಮುಖ ಸಪ್ಪಗೆ ಮಾಡಿಕೊಂಡು ಹೊರಗೆ ಬರುತ್ತಿದ್ದರು. ಕನ್ನಡಿಯ ಕೋಣೆ ಚಿಕ್ಕಪ್ಪನ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಚಿಕ್ಕಮ್ಮ ದರ್ಜಿ. ಅಂಗಡಿಯವರು ಉದ್ದ ಗಿಡ್ಡ ಮಾಡಲು ಬಟ್ಟೆ ಕಳಿಸುತ್ತಿದ್ದುದು ಅವಳಿಗೆ. ಪರಿಚಯ ಆದದ್ದು ಹಾಗೆ. ಒಮ್ಮೆ ಬಟ್ಟೆಯ ಗಂಟು ಹಿಡಿದು ಅಂಗಡಿಯ ಹಿಂಬಾಗಿಲಿನಿಂದ ಬಂದವಳಿಗೆ ಗಾಜಿನೊಳಗಿನ ಗೊಂಬೆಗಳ ಬೆನ್ನು ಕಾಣಿಸಿತಂತೆ, ಸಾಲಾಗಿ, ಮೈತುಂಬ ಪಿನ್ನು. “ನೋಡೀನೂ ಮದುವೆಯಾದೆ. ಈಗ ಯಾರನ್ನ ಬಯ್ಯಲಿ” ಎಂದು ಈಗಲೂ ಹೇಳುತ್ತಾಳೆ.

ಅವಳು ಹೊಲಿಯುವುದು ಮುಖ್ಯವಾಗಿ ಮಕ್ಕಳ ಬಟ್ಟೆ. ಮುಂದಿನ ಕೋಣೆಯಲ್ಲಿ, ಕಿಟಕಿಗೆ ಮುಖಮಾಡಿ ಮಿಷನ್ನು, ಪಕ್ಕದಲ್ಲಿ ಕಾಲು ಅಲುಗಾಡುವ ಕತ್ತರಿಸುವ ಮೇಜು, ಗೋಡೆಯ ಉದ್ದಕ್ಕೂ ಮೊಳೆಗಳು. ಮೊಳೆಗಳಿಗೆ ಅವಳ ಪೇಪರ್ ಕಟಿಂಗ್‌ಗಳು ನೇತಾಡುತ್ತವೆ: ಖಾಕಿ ಕಾಗದದಲ್ಲಿ ಕತ್ತರಿಸಿಟ್ಟ ಮುಂಭಾಗ, ಬೆನ್ನು, ತೋಳು, ಕಾಲರ್, ಜೇಬು, ಹಸುಗೂಸಿನಿಂದ ಹಿಡಿದು ಹೊಟ್ಟೆ ಬಂದ ಗಂಡಸಿನವರೆಗೆ ಒಂದೊಂದು ಮೊಳೆಗೆ ಒಂದೊಂದು ವಯಸ್ಸು. ಬಟ್ಟೆಯ ಮೇಲೆ ಈ ಕಾಗದ ಇಟ್ಟು ಗೆರೆ ಎಳೆದು ಕತ್ತರಿಸಿದರೆ ಅಳತೆ ತಪ್ಪುವುದಿಲ್ಲ. ಅವಳ ಹೆಸರಿರುವುದು ಒಂದೇ ಮಾತಿನ ಮೇಲೆ. ಅವಳು ಹೊಲಿದ ಅಂಗಿ ತೊಡಿಸುವಾಗ ಮಕ್ಕಳು ಅಳುವುದಿಲ್ಲ. ತಲೆಯಿಂದ ಇಳಿಸುವ ಅಂಗಿ ಕಿವಿಯ ಹತ್ತಿರ ಸಿಕ್ಕಿಕೊಂಡಾಗ ಮಗುವಿಗೆ ಲೋಕ ಕತ್ತಲಾಗುತ್ತದೆ, ಆಗ ಕಿರುಚುತ್ತದೆ. ಚಿಕ್ಕಮ್ಮನ ಅಂಗಿಯಲ್ಲಿ ಆ ಕತ್ತಲು ಬರುವುದೇ ಇಲ್ಲ; ಮಗು ಒಂದು ಕಡೆ ಒಳಗೆ ಹೋಗಿದ್ದು ಗೊತ್ತಾಗುವ ಮೊದಲೇ ಇನ್ನೊಂದು ಕಡೆ ಹೊರಗೆ ಬಂದಿರುತ್ತದೆ. ಈ ಹೆಸರನ್ನು ಅವಳು ಬಹಳ ಗರ್ವದಿಂದ ಕಾಪಾಡಿಕೊಂಡು ಬಂದಿದ್ದಾಳೆ. ವಿನಯ ಗಿನಯ ಏನೂ ಇಲ್ಲ.

ನಾನು ಅವರ ಮಾಳಿಗೆಯ ಕೋಣೆಯಲ್ಲಿರುವ ಅಣ್ಣನ ಮಗಳು. ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಹಗಲು ಸಂಬಳ ತೆಗೆದುಕೊಂಡು ಬೇರೆಯವರ ತಪ್ಪು ಹುಡುಕುತ್ತೇನೆ, ಸಂಜೆ ಮನೆಗೆ ಬಂದು ಅದನ್ನೇ ಬಿಟ್ಟಿಯಾಗಿ ಮಾಡುತ್ತೇನೆ.

ಬಟ್ಟೆ ಅಂಗಡಿಯವರು ಗಾಜಿನ ಕೋಣೆ ಮುಚ್ಚಿ ಅಲ್ಲಿ ಗೋಡೆಯಗಲದ ಟೀವಿ ಹಾಕಿಸಿದರು. ಅದರೊಳಗೆ ತೆಳ್ಳಗಿನವರು ಹಗಲಿಡೀ ನಡೆದಾಡುತ್ತಾರೆ, ಅವರಿಗೆ ಪಿನ್ ಹಾಕುವ ಅಗತ್ಯವಿಲ್ಲ. ಚಿಕ್ಕಪ್ಪನಿಗೆ ಒಂದು ಗೊಂಬೆ ಕೊಟ್ಟು, ಕೈಕುಲುಕಿ ಮನೆಗೆ ಕಳಿಸಿದರು. ತಲೆಯಿಲ್ಲದ, ಒಂದು ಕೈ ಮಾತ್ರ ಇರುವ ಗೊಂಬೆ. ಅದನ್ನು ಮುಂದಿನ ಕೋಣೆಯ ಮೂಲೆಯಲ್ಲಿ ನಿಲ್ಲಿಸಿದರು. ಚಿಕ್ಕಮ್ಮ ಅದರ ಕುತ್ತಿಗೆಗೆ ಅಳತೆ ಟೇಪು ನೇತು ಹಾಕಿ, ಅಷ್ಟರಮಟ್ಟಿಗೆ ಪ್ರಯೋಜನಕ್ಕೆ ತಂದಳು.

ಮನೆಯಲ್ಲಿ ಸುಮ್ಮನೆ ಕೂತ ಗಂಡಸಿನ ಕೈಗೆ ಫೋನು ಸಿಕ್ಕರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕಪ್ಪ ವಿಡಿಯೊ ನೋಡತೊಡಗಿದರು. ಎಲ್ಲ ವಿಡಿಯೊದಲ್ಲೂ ಒಬ್ಬ ಇಸ್ತ್ರಿ ಮುರಿಯದ ಅಂಗಿಯವನು ಹೇಳುವುದು ಒಂದೇ: ಸರಕು ಬೇಡ, ಅಂಗಡಿ ಬೇಡ, ಒಂದು ಸಲ ಮಾಡಿ ಇಂಟರ್ನೆಟ್ಟಿಗೆ ಹಾಕಿದರೆ ಸಾಕು, ಕೊಂಡವರು ತಾವೇ ಇಳಿಸಿಕೊಳ್ಳುತ್ತಾರೆ, ನೀವು ಮಲಗಿದ್ದಾಗಲೂ ದುಡಿಮೆ ನಡೆಯುತ್ತದೆ.

“ಮಲಗಿದ್ದಾಗ ದುಡೀತಾರೆ ಸರಿ. ಎದ್ದಾಗ ಏನ್ ಮಾಡ್ತಾರಂತೆ?” ಎಂದಳು ಚಿಕ್ಕಮ್ಮ, ಸೂಜಿಗೆ ದಾರ ಪೋಣಿಸುತ್ತ.

“ವಿಡಿಯೊ ಮಾಡ್ತಾರೆ” ಎಂದರು ಚಿಕ್ಕಪ್ಪ, ಪ್ರಾಮಾಣಿಕವಾಗಿ.

ಮಾರಲು ಏನಾದರೂ ಬೇಕಲ್ಲ, ಅದಕ್ಕೊಂದು ಮುಖ ಬೇಕಲ್ಲ. ಆಗ ಸಿಕ್ಕಿದ್ದು ಆ ಆ್ಯಪ್ಪು. ಚಿತ್ರ ಬರೆಯಲು ಬಾರದವರಿಗೆ, ಬಣ್ಣದ ಗಂಧ ಗಾಳಿ ಇಲ್ಲದವರಿಗೆ, ಅಗ್ಗದಲ್ಲಿ ಕವರ್ ಮಾಡಿಕೊಡುವ ಆ್ಯಪ್ಪು. ಡಿಸೈನರ್ ಬೇಡ, ಕಲಿಯುವುದು ಬೇಡ, ಬೆರಳಿನಿಂದ ಎಳೆದು ತಂದು ಬಿಟ್ಟರೆ ಸಾಕು. ಒಂದು ಸಲ ಕೊಟ್ಟರೆ ಜೀವಮಾನವಿಡೀ ಬಳಸಬಹುದು ಎಂದು ಜಾಹೀರಾತು. ಯಾರ ಜೀವಮಾನ, ನಮ್ಮದೋ ಆ್ಯಪ್ಪಿನದೋ ಎಂದು ನಾನು ಕೇಳಿದ್ದನ್ನು ಚಿಕ್ಕಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಅದರಲ್ಲಿ ಒಂದು ವಿದ್ಯೆಯಿತ್ತು. ಒಂದು ಚಪ್ಪಟೆ ಚಿತ್ರ ಕೊಟ್ಟರೆ ಅದನ್ನು ದಪ್ಪ ರಟ್ಟಿನ ಪುಸ್ತಕದಂತೆಯೋ ಹೊಳೆಯುವ ಪೆಟ್ಟಿಗೆಯಂತೆಯೋ ಮಾಡಿ, ಮರದ ಮೇಜಿನ ಮೇಲೆ ಇಟ್ಟು, ಪಕ್ಕದಲ್ಲಿ ಒಂದು ಕಪ್ಪು ಕಾಫಿ, ಒಂದು ಹಸಿರು ಗಿಡ ಜೋಡಿಸಿ, ಕಿಟಕಿಯ ಬಿಸಿಲು ಬೇರೆ ಬೀಳಿಸುತ್ತದೆ. ಪುಸ್ತಕವೂ ಇಲ್ಲ, ಪೆಟ್ಟಿಗೆಯೂ ಇಲ್ಲ, ಕಾಫಿಯಂತೂ ಇಲ್ಲವೇ ಇಲ್ಲ. ಅದನ್ನು ಮೊದಲ ಸಲ ನೋಡಿದಾಗ ಚಿಕ್ಕಪ್ಪನ ಕಣ್ಣು ಒದ್ದೆಯಾಯಿತು. ಗಾಜಿನ ಕೋಣೆ ವಾಪಸು ಸಿಕ್ಕಿತ್ತು.

ಅಲ್ಲಿಂದ ಅವರಿಗೆ ಹಗಲು ಸಾಲದಾಯಿತು. ಬಿಸಿಲು ನೆತ್ತಿಗೆ ಬಂದ ಮೇಲೆ ಏಳುವ ಮನುಷ್ಯ ‘ನಸುಕಿನಲ್ಲಿ ಏಳುವ ಕಲೆ’ ಎಂಬ ಪೆಟ್ಟಿಗೆ ಮಾಡಿದರು. ಅನ್ನ ಬೇಯಿಸಲು ಬಾರದವರು ‘ಸರಳ ಅಡುಗೆ, ಸುಖೀ ಸಂಸಾರ’ ಎಂಬ ದಪ್ಪ ಪುಸ್ತಕ ಮಾಡಿದರು. ‘ಮನಶ್ಶಾಂತಿ: ಸಂಪೂರ್ಣ ಕಿಟ್’ ಎಂಬುದೊಂದನ್ನು ಮಾಡುವಾಗ ಅಕ್ಷರದ ಬಣ್ಣದ ವಿಷಯಕ್ಕೆ ಚಿಕ್ಕಮ್ಮನ ಜೊತೆ ಜಗಳವಾಡಿ ಊಟ ಬಿಟ್ಟರು. ಪ್ರತಿಯೊಂದನ್ನೂ ನನ್ನ ಕೋಣೆಗೆ ತಂದು ತೋರಿಸುತ್ತಿದ್ದರು. ನಾನು ಕಾಗುಣಿತ ತಿದ್ದುತ್ತಿದ್ದೆ.

“ಚಿಕ್ಕಪ್ಪ, ಒಳಗೇನಿದೆ?” ಎಂದು ಕೇಳಿದೆ ಒಂದು ದಿನ.

“ಯಾವುದರ ಒಳಗೆ?”

“ಈ ಮನಶ್ಶಾಂತಿ ಪೆಟ್ಟಿಗೆ ಒಳಗೆ.”

ಅವರು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಒಳಗಿಂದು ಆಮೇಲೆ ನೋಡ್ಕೊಂಡ್ರಾಯ್ತು ಪುಟ್ಟಿ. ಮೊದಲು ಜನ ನಿಂತು ನೋಡ್ಬೇಕು.”

ಆಮೇಲೆ ಎಂಬುದು ಬರಲಿಲ್ಲ. ಒಳಗೆ ಏನೂ ಇಲ್ಲದ ಕವರುಗಳು ಫೋನಿನ ತುಂಬ ತುಂಬಿಕೊಂಡವು. ಕೊನೆಗೊಮ್ಮೆ ಅವರ ಕಣ್ಣು ಗೋಡೆಯ ಮೊಳೆಗಳ ಮೇಲೆ ಬಿತ್ತು. ಒಳಗಿನದು ಇಷ್ಟು ವರ್ಷ ಅಲ್ಲೇ ನೇತಾಡುತ್ತಿತ್ತು, ಕವರ್ ಇರಲಿಲ್ಲ ಅಷ್ಟೆ.

ಚಿಕ್ಕಮ್ಮನನ್ನು ಒಪ್ಪಿಸಲು ಅವರು ಪಟ್ಟ ಪಾಡನ್ನು ನಾನೇ ನೋಡಿದ್ದೇನೆ. ನಿನ್ನ ಕೈಕೆಲಸ ಲೋಕಕ್ಕೆಲ್ಲ ಗೊತ್ತಾಗುತ್ತೆ ಎಂದರು. ಎಲ್ಲೋ ಇರುವ ತಾಯಂದಿರು ನಿನ್ನ ಕಟಿಂಗ್ ಮನೆಯಲ್ಲೇ ಪ್ರಿಂಟ್ ಮಾಡಿಕೊಂಡು ಹೊಲಿಯುತ್ತಾರೆ ಎಂದರು. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಚಿಕ್ಕಮ್ಮನ ಮೇಜಿನ ಮೇಲೆ ಬಟ್ಟೆ ಬೀಳುವುದು ಕಡಿಮೆಯಾಗಿತ್ತು. ಅವಳು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಅವಳು ಆ ಕಾಗದಗಳ ಮುದುರಿದ ಅಂಚುಗಳನ್ನು ಉಗುರಿನಿಂದ ನೇವರಿಸುತ್ತ ಕೂತಿರುವುದನ್ನು ಕಂಡು ನನಗೆ ಸಂಕಟವಾಗುತ್ತಿತ್ತು.

“ಹಾಕಿ. ಆದ್ರೆ ನನ್ನ ಹೆಸರು ಹಾಕಿದ ಮೇಲೆ ಒಂದು ಮಗೂನೂ ಅಳಬಾರದು. ಎಲ್ಲೋ ಇರೋ ಮಗು ಆದ್ರೂ ಸರಿ. ಅತ್ತರೆ ನಾನು ನಿಮ್ಮನ್ನ ಸುಮ್ಮನೆ ಬಿಡಲ್ಲ ರೀ” ಎಂದಳು.

“ಅಳೋ ಮಾತೇ ಇಲ್ಲ” ಎಂದರು ಚಿಕ್ಕಪ್ಪ. ಆಗಲೇ ಅವರ ಮನಸ್ಸು ಕವರಿನ ಮೇಲಿತ್ತು.

ಕವರಿಗೆಂದು ಚಿಕ್ಕಮ್ಮನನ್ನು ಮಿಷನ್ನಿನ ಮುಂದೆ ಕೂರಿಸಿ ಫೋಟೊ ತೆಗೆದರು. ಹಿಂದಿನ ಗೋಡೆ, ಮೊಳೆ, ಕ್ಯಾಲೆಂಡರು ಚೆನ್ನಾಗಿ ಕಾಣುವುದಿಲ್ಲವೆಂದು, ಹಿನ್ನೆಲೆ ಅಳಿಸುವ ಗುಂಡಿ ಒತ್ತಿದರು. ಆ್ಯಪ್ಪು ಸ್ವಲ್ಪ ಹೊತ್ತು ಯೋಚಿಸಿ, ಗೋಡೆ, ಮೊಳೆ, ಕ್ಯಾಲೆಂಡರಿನ ಜೊತೆಗೆ ಚಿಕ್ಕಮ್ಮನನ್ನೂ ಅಳಿಸಿ, ಮಿಷನ್ನನ್ನು ಮಾತ್ರ ಉಳಿಸಿಕೊಟ್ಟಿತು. ಚಿಕ್ಕಪ್ಪ ಮತ್ತೆ ಮತ್ತೆ ಒತ್ತಿದರು. ಒಂದು ಸಲ ಅವಳ ಎಡಗೈ ಉಳಿಯಿತು.

ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ನೋಡಿ, “ಪರವಾಗಿಲ್ಲ, ಈ ಮನೇಲಿ ಮೊದಲಿಂದಾನೂ ನಡ್ಕೊಂಡು ಬಂದಿರೋದೇ ಇದು” ಎಂದು ಎದ್ದು ಹೋದಳು.

ಕೊನೆಗೆ ಆ್ಯಪ್ಪಿನೊಳಗೇ ಸಿಗುವ ಒಬ್ಬ ಸಿದ್ಧ ಹೆಂಗಸನ್ನು ಎಳೆದು ತಂದು ಹಾಕಿದರು. ಹಲ್ಲು ಬಿಡುತ್ತ, ಟೇಪನ್ನು ಹೂಮಾಲೆಯ ಹಾಗೆ ಹಾಕಿಕೊಂಡು, ಕತ್ತರಿಯನ್ನು ತಪ್ಪಾಗಿ ಹಿಡಿದ ಹೆಂಗಸು. ಅವಳ ಕೆಳಗೆ ಚಿಕ್ಕಮ್ಮನ ಹೆಸರು. ಮೇಲೆ ‘ಎಲ್ಲ ವಯಸ್ಸಿಗೂ ಅಂಗಿ: ದರ್ಜಿಯಮ್ಮನ ಸಂಪೂರ್ಣ ಕಟಿಂಗ್ ಸಂಗ್ರಹ’. ಮರದ ಮೇಜು, ಕಾಫಿ, ಗಿಡ, ಬಿಸಿಲು, ಯಾವುದಕ್ಕೂ ಕಮ್ಮಿಯಿಲ್ಲ. ಈ ಕವರ್ ಮುಗಿಯಲು ಒಂದು ಇಡೀ ಬೇಸಿಗೆ ಹಿಡಿಯಿತು.

ಒಳಗಿನದು ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಚಿಕ್ಕಪ್ಪ ಒಂದೊಂದೇ ಕಾಗದವನ್ನು ನೆಲದ ಮೇಲೆ ಹರಡಿ, ಸ್ಟೂಲಿನ ಮೇಲೆ ನಿಂತು ಫೋಟೊ ತೆಗೆದು, ಒಂದೊಂದು ಪುಟಕ್ಕೆ ಒಂದೊಂದು ತುಂಡನ್ನು ಇಟ್ಟರು. ಸಣ್ಣ ಜೇಬು ಪುಟದ ಮಧ್ಯದಲ್ಲಿ ಅನಾಥವಾಗಿ ಕಂಡಿತು. ದೊಡ್ಡ ಬೆನ್ನು ಪುಟದಿಂದ ಹೊರಗೆ ಚಾಚಿಕೊಂಡಿತು. ನೋಡಲು ಲಕ್ಷಣವಾಗಿರಲಿಲ್ಲ. ಆ್ಯಪ್ಪಿನಲ್ಲಿ ಇದಕ್ಕೂ ಒಂದು ಗುಂಡಿಯಿತ್ತು: ‘ಪುಟಕ್ಕೆ ಹೊಂದಿಸಿ’. ಒತ್ತಿದರೆ ದೊಡ್ಡದು ಕುಗ್ಗುತ್ತದೆ, ಸಣ್ಣದು ಹಿಗ್ಗುತ್ತದೆ, ಎಲ್ಲವೂ ಪುಟದ ತುಂಬ ಅಚ್ಚುಕಟ್ಟಾಗಿ ಕೂರುತ್ತವೆ. ಚಿಕ್ಕಪ್ಪ ಎಲ್ಲ ಪುಟಕ್ಕೂ ಒತ್ತಿದರು. ದರ್ಜಿಯ ಕಾಗದ ಬರೀ ಚಿತ್ರವಲ್ಲ, ಅದನ್ನು ಅಷ್ಟಕ್ಕಷ್ಟೇ ಬಟ್ಟೆಯ ಮೇಲಿಟ್ಟು ಕತ್ತರಿಸುತ್ತಾರೆ ಎನ್ನುವುದು ದರ್ಜಿಯ ಪಕ್ಕದಲ್ಲೇ ಇಷ್ಟು ಕಾಲ ಬದುಕಿದ ಮನುಷ್ಯನ ತಲೆಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಹೊಂದದ್ದನ್ನು ಕಣ್ಣಿಗೆ ಹೊಂದುವಂತೆ ಮಾಡುವುದೇ ಅವರ ಕಸುಬಾಗಿತ್ತು. ಹೀಗೆ ಹಸುಗೂಸಿನ ಬೆನ್ನು, ಶಾಲೆಗೆ ಹೋಗುವ ಹುಡುಗಿಯ ಬೆನ್ನು, ಹೊಟ್ಟೆ ಬಂದ ಗಂಡಸಿನ ಬೆನ್ನು ಮೂರೂ ಒಂದೇ ಉದ್ದವಾದವು. ಜೇಬು ಬೆನ್ನಿನಷ್ಟೇ ಆಯಿತು. ‘ಎಲ್ಲ ವಯಸ್ಸಿಗೂ’ ಎಂಬ ಕವರಿನ ಮಾತು ಅಕ್ಷರಶಃ ನಿಜವಾಯಿತು.

ಹಾಕಿದ ವಾರದಲ್ಲೇ ಮಾರಾಟ ಶುರುವಾಯಿತು. ಮೆಚ್ಚುಗೆಗಳೂ ಬಂದವು, ಎಲ್ಲ ಐದೈದು ಸ್ಟಾರಿನವು. “ಕವರ್ ಅದ್ಭುತ.” “ನೋಡಿಯೇ ಖುಷಿಯಾಯಿತು, ಬಿಡುವಾದಾಗ ತೆರೆಯುತ್ತೇನೆ.” “ನಮ್ಮ ಅಕ್ಕನಿಗೂ ಕೊಡಿಸಿದೆ, ಅವಳೂ ಬಿಡುವಾದಾಗ ತೆರೆಯುತ್ತಾಳಂತೆ.” ಚಿಕ್ಕಪ್ಪ ಇವನ್ನೆಲ್ಲ ಚಿಕ್ಕಮ್ಮನಿಗೆ ಓದಿ ಹೇಳುತ್ತಿದ್ದರು. ಅವಳು ಕೆಲಸ ನಿಲ್ಲಿಸದೆ ಕೇಳುತ್ತಿದ್ದಳು. ಆದರೆ ಮಿಷನ್ನಿನ ಸದ್ದು ಮೆಲ್ಲಗಾಗುತ್ತಿತ್ತು. ಅವಳಿಗೆ ಸಂತೋಷವಾಗಿತ್ತು, ಮುಚ್ಚಿಟ್ಟುಕೊಂಡರೂ ಕಾಣುತ್ತಿತ್ತು.

ಲೋಕದಲ್ಲಿ ಬಿಡುವಾದ ಮೊದಲ ಮನುಷ್ಯರು ನಮ್ಮ ಬೀದಿಯ ಟೀಚರ್. ಆಗಷ್ಟೇ ನಿವೃತ್ತಿಯಾಗಿತ್ತು, ಮೊಮ್ಮಗಳಿಗೆ ತಾವೇ ಒಂದು ಫ್ರಾಕ್ ಹೊಲಿಯಬೇಕೆಂಬ ಆಸೆ. ಚಿಕ್ಕಮ್ಮನ ಮೇಲಿನ ಅಭಿಮಾನಕ್ಕೆ ಸಂಗ್ರಹ ಕೊಂಡು, ಪ್ರಿಂಟ್ ತೆಗೆಸಿ, ಕಾಗದದ ಗೆರೆಯ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಕತ್ತರಿಸಿ ಹೊಲಿದರು. ಫ್ರಾಕ್ ಯಾಕೋ ಚಿಕ್ಕದು ಅನ್ನಿಸಿತಂತೆ. ಆದರೆ ದರ್ಜಿಯಮ್ಮನ ಅಳತೆ ತಪ್ಪುವುದುಂಟೇ ಎಂದು, ನಂಬಿ, ಮಗುವಿನ ತಲೆಗೆ ಹಾಕಿ ಎಳೆದರು.

ಆ ಕಿರುಚಾಟ ನಮ್ಮ ಮನೆಗೇ ಕೇಳಿಸಿತು. ಸ್ವಲ್ಪ ಹೊತ್ತಿಗೆ ಟೀಚರ್ ಓಡಿ ಬಂದರು, ಕಂಕುಳಲ್ಲಿ ಮಗು. ಮಗುವಿಗೆ ಮುಖವಿರಲಿಲ್ಲ, ಹೂವಿನ ಬಟ್ಟೆಯ ಒಂದು ಉಂಡೆಯಿತ್ತು. ಉಂಡೆಯ ಒಳಗಿನಿಂದ ಅಳು.

“ಅಕ್ಕ, ಹೋಗ್ತಾನೂ ಇಲ್ಲ, ಬರ್ತಾನೂ ಇಲ್ಲ” ಎಂದರು ಟೀಚರ್.

ಚಿಕ್ಕಮ್ಮ ಬೆರಳು ತೂರಿಸಿ, ಬಟ್ಟೆಯನ್ನು ಎತ್ತಿ ಹಿಡಿದು, ಕತ್ತರಿಯ ಮೊಂಡು ತುದಿಯಿಂದ ಫ್ರಾಕಿನ ಕುತ್ತಿಗೆಯನ್ನು ಬಿಚ್ಚಿದಳು. ಕೆಂಪಾದ ಮುಖ ಹೊರಗೆ ಬಂತು. ಕಿವಿಯ ಹಿಂದೆ ಉಜ್ಜಿದ ಗೀರು. ಮಗು ಮೊದಲು ನೋಡಿದ್ದು ಚಿಕ್ಕಮ್ಮನನ್ನು, ಅವಳ ಕೈಯ ಕತ್ತರಿಯನ್ನು, ಗೋಡೆಯ ತುಂಬ ನೇತಾಡುವ ಅಂಗಿಯ ಆಕಾರಗಳನ್ನು. ಮತ್ತೆ ಬಾಯಿ ತೆರೆದು ಅಳು ಶುರುಮಾಡಿತು.

ಅವರು ಹೋದ ಮೇಲೆ ಚಿಕ್ಕಮ್ಮ ಟೀಚರ್ ಬಿಟ್ಟುಹೋದ ಪುಟವನ್ನು ಎತ್ತಿಕೊಂಡು ಮೊಳೆಯ ಮೇಲಿನ ತನ್ನ ಕಾಗದಕ್ಕೆ ಹಿಡಿದು ನೋಡಿದಳು. “ಪುಟ್ಟಿ, ದೊಡ್ಡ ಗಂಡಸರ ಅಂಗೀದು ಪ್ರಿಂಟ್ ತೆಗೆಸ್ಕೊಂಡ್ ಬಾ” ಎಂದಳು ನನಗೆ. ತಂದುಕೊಟ್ಟೆ. ತನ್ನ ಗಂಟಿನಿಂದ ಒಳ್ಳೆಯ ಬಿಳಿ ಬಟ್ಟೆ ತೆಗೆದು, ಆ ಪುಟಗಳನ್ನು ಇದ್ದ ಹಾಗೇ ಇಟ್ಟು, ಕತ್ತರಿಸಿ, ಕಾಲರ್ ಜೇಬು ಏನನ್ನೂ ಬಿಡದೆ ಶ್ರದ್ಧೆಯಿಂದ ಹೊಲಿದಳು. ಕೊನೆಗೆ ಇಸ್ತ್ರಿಯನ್ನೂ ಹಾಕಿದಳು.

“ಬನ್ನಿ ಇಲ್ಲಿ. ತೊಟ್ಕೊಳ್ಳಿ.”

ಚಿಕ್ಕಪ್ಪ ಅದನ್ನು ನೋಡಿ ನಕ್ಕರು. ಅವಳು ನಗಲಿಲ್ಲ. ಆಗ ಅವರೂ ನಗು ನಿಲ್ಲಿಸಿ, ಗೊಂಬೆಯ ಪಕ್ಕದಲ್ಲಿ ನಿಂತು, ಕೈ ಮೇಲೆತ್ತಿದರು. ಅಂಗಿ ಅವರ ಹಣೆಯವರೆಗೆ ಇಳಿದು ನಿಂತಿತು. ಮೈ ಬರೀ ಒಂದು ಟೋಪಿಯಷ್ಟಿತ್ತು. ತೋಳುಗಳೂ ಮೈಯಷ್ಟೇ ಉದ್ದವಾಗಿದ್ದರಿಂದ ಎರಡೂ ಕಡೆ ಕಿವಿಗಳ ಹಾಗೆ ಜೋತಾಡಿದವು. ಮೈಯಷ್ಟೇ ದೊಡ್ಡದಾದ ಜೇಬು ಕೆಳಗೆ ಜೋತು ಮುಖವನ್ನು ಮುಚ್ಚಿತು.

“ಎಲ್ಲ ವಯಸ್ಸಿಗೂ ಅಂತ ಬರೆದಿದೀರ. ನಿಮ್ಮ ವಯಸ್ಸಿಗೂ ಆಗಬೇಕಲ್ವಾ? ಎಳೀರಿ.”

“ಆಗಲ್ಲ ಕಣೇ.”

“ಮಗು ತಲೆಗೆ ಎಳೆದಾಗ ಅದೂ ಹೀಗೇ ಹೇಳಿರ್ಬೇಕು. ಅದಕ್ಕೆ ಇನ್ನೂ ಅಷ್ಟು ಮಾತು ಬರಲ್ಲ, ಅದಕ್ಕೇ ಅತ್ತಿತು.”

ಜೇಬಿನ ಹಿಂದಿನಿಂದ ಚಿಕ್ಕಪ್ಪನ ದನಿ ಬಂತು, ತುಂಬ ಸಣ್ಣದಾಗಿ. “ಹಿಂದೆ ಸ್ವಲ್ಪ ಬಿಚ್ಚಿ, ಪಿನ್ ಹಾಕಿದ್ರೆ…”

“ಹಾಕಿ. ಕೊಂಡ್ಕೊಂಡವರ ಮನೆಮನೆಗೂ ಹೋಗಿ, ಅವರ ಮಕ್ಕಳ ಬೆನ್ನ ಹಿಂದೆ ಪಿನ್ ಹಿಡ್ಕೊಂಡು ನಿಂತ್ಕೊಳ್ಳಿ.” ಚಿಕ್ಕಮ್ಮನ ದನಿ ಮೊದಲ ಸಲ ಒಡೆಯಿತು. “ಇಷ್ಟು ವರ್ಷದಲ್ಲಿ ನನ್ನ ಅಂಗಿ ನೋಡಿ ಒಂದು ಮಗು ಅತ್ತಿರಲಿಲ್ಲ ರೀ.”

ಅವಳು ಒಳಗೆ ಹೋದಳು. ಚಿಕ್ಕಪ್ಪ ಅಂಗಿಯನ್ನು ತೆಗೆಯದೆ ಹಾಗೇ ನಿಂತಿದ್ದರು. ಪಕ್ಕದಲ್ಲಿ ತಲೆಯಿಲ್ಲದ ಗೊಂಬೆ, ಇತ್ತ ಮುಖವಿಲ್ಲದ ಇವರು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಕೊಂಡವರಿಗೆಲ್ಲ ಹಣ ಹಿಂತಿರುಗಿಸಿದ್ದಾಯಿತು. ಕೆಲವರು ಬೇಡವೆಂದರು, ಕವರ್ ಚೆನ್ನಾಗಿದೆ, ಇರಲಿ ಎಂದರು. ಚಿಕ್ಕಪ್ಪ ಸಂಗ್ರಹವನ್ನು ತೆಗೆದುಹಾಕುವ ಹೊತ್ತಿಗೆ ಅದರ ಕೆಳಗೆ ಇನ್ನೊಂದು ಮೆಚ್ಚುಗೆ ಬಂದು ಕೂತಿತ್ತು, ಫೋಟೊ ಸಮೇತ. ಯಾರೋ ದೂರದವರು. “ಮಗನಿಗೆಂದು ಹೊಲಿದೆ, ಆಗಲಿಲ್ಲ. ನಾಯಿಗೆ ಸರಿಹೋಯಿತು. ಧನ್ಯವಾದ.” ಫೋಟೊದಲ್ಲಿ ಒಂದು ಗಿಡ್ಡ ಕಾಲಿನ ನಾಯಿ, ಚಿಕ್ಕಮ್ಮನ ಹೆಸರಿನ ಅಂಗಿ ತೊಟ್ಟು, ಜೀವನದಲ್ಲಿ ಏನೂ ಉಳಿದಿಲ್ಲವೆಂಬ ಮುಖ ಮಾಡಿಕೊಂಡು ನಿಂತಿತ್ತು.

ಚಿಕ್ಕಪ್ಪನ ಜೀವ ಮರಳಿತು. ಊಟಕ್ಕೆ ಕರೆಯುವಷ್ಟರಲ್ಲಿ ಹೊಸ ಕವರ್ ಸಿದ್ಧವಾಗಿತ್ತು: ‘ಮುದ್ದು ನಾಯಿಗೆ ಮುದ್ದಾದ ಅಂಗಿ’. ಅದೇ ಮೇಜು, ಅದೇ ಗಿಡ, ಕಾಫಿಯ ಜಾಗದಲ್ಲಿ ಒಂದು ಎಲುಬು. ಒಳಗಿನ ಪುಟಗಳನ್ನು ಮುಟ್ಟುವ ಕೆಲಸವೇ ಇರಲಿಲ್ಲ. ಫೋನನ್ನು ಚಿಕ್ಕಮ್ಮನ ಮುಂದೆ ಹಿಡಿದು, “ನೋಡು, ಒಂದು ಜೀವಕ್ಕಾದ್ರೂ ಹೊಂದಿತಲ್ಲ” ಎಂದರು.

ಚಿಕ್ಕಮ್ಮ ಕವರಿನ ಕಡೆ ನೋಡಲೇ ಇಲ್ಲ. ನಾಯಿಯ ಫೋಟೊವನ್ನು ಬೆರಳಿನಿಂದ ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದಳು. “ಎಲ್ಲಿ ಹೊಂದಿದೆ? ಕಂಕುಳಲ್ಲಿ ಬಿಗಿ. ಎದೆ ಹತ್ರ ನೆರಿಗೆ. ನಾಲ್ಕು ಹೆಜ್ಜೆ ಇಟ್ಟರೆ ಕೂದಲು ಉದುರತ್ತೆ. ಪಾಪ, ಅದಕ್ಕೆ ಹೇಳಕ್ಕೆ ಬರಲ್ಲ.” ಟೇಪನ್ನು ಗೊಂಬೆಯ ಕುತ್ತಿಗೆಯಿಂದ ಎಳೆದುಕೊಂಡು ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ?”

“ಅಳತೆ ತಗೊಳ್ಳಕ್ಕೆ. ನನ್ನ ಹೆಸರು ಹಾಕಿದೀರಲ್ಲ, ಅದರ ಮೇಲೂ.”

ಎದುರುಗಡೆ ಸೈಕಲ್ ರಿಪೇರಿಯವನ ನಾಯಿಯನ್ನು ಬೀದಿಯವರು ಸೂಪರ್‌ವೈಸರ್ ಎನ್ನುತ್ತಾರೆ. ತಾನು ಒಂದು ಕಡ್ಡಿಯನ್ನೂ ಎತ್ತಿಡದೆ, ಅಂಗಡಿಯ ಬಾಗಿಲಲ್ಲಿ ಮಲಗಿ, ಹೋಗಿ ಬರುವವರನ್ನೆಲ್ಲ ಗದರಿಸುವುದೇ ಅದರ ಕೆಲಸ. ಕರೆಂಟ್ ಬಿಲ್ಲಿನವನ ಪ್ಯಾಂಟು ಎರಡು ಸಲ ಅದರ ಬಾಯಿಗೆ ಸಿಕ್ಕಿತ್ತು. ಚಿಕ್ಕಮ್ಮ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕುತ್ತಿಗೆ, ಎದೆ, ಬೆನ್ನು, ಮುಂಗಾಲಿನ ಸುತ್ತಳತೆ ತೆಗೆದುಕೊಂಡಳು. ಅದು ಗುರ್ರೆಂದಿತು. “ಸುಮ್ನಿರು, ಎಲ್ಲ ಗಿರಾಕಿಗಳೂ ಮೊದಲು ಹೀಗೇ ಮಾಡೋದು” ಎಂದಳು.

ಅವಳು ನಾಯಿಗೆಂದು ಹೊಸ ಕಾಗದ ಕತ್ತರಿಸಿದಳು. ಚಿಕ್ಕಪ್ಪನಿಗೆ ಬೇರೆ ಕೆಲಸ ಹಚ್ಚಿದಳು. ಮೊಳೆಯ ಮೇಲಿನ ಎಲ್ಲ ಕಾಗದಗಳನ್ನೂ ಅಳತೆ ಕೆಡದಂತೆ, ಒಂದು ಪುಟದಲ್ಲಿ ಹಿಡಿಸದಿದ್ದರೆ ಹಲವು ಪುಟಗಳಿಗೆ ಹಂಚಿ, ಅಂಟಿಸಿದರೆ ಮತ್ತೆ ಒಂದಾಗುವಂತೆ ಹಾಕಬೇಕು. ಅದೇ ಆ್ಯಪ್ಪಿನಲ್ಲಿ ಅದೂ ಸಾಧ್ಯವಿತ್ತು, ಯಾರೂ ನೋಡಿರಲಿಲ್ಲ. ಮೊದಲ ಪುಟದಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಚೌಕ. ಪ್ರಿಂಟ್ ಆದ ಮೇಲೆ ಅದನ್ನು ಟೇಪಿನಿಂದ ಅಳೆದು ನೋಡಿದರೆ, ಉಳಿದ ಅಳತೆಗಳೂ ಸರಿಯಿವೆಯೇ ಎಂದು ತಿಳಿಯುತ್ತದೆ. ಚೌಕದ ಕೆಳಗೆ ಹಾಕಲು ನಾನು ಒಂದು ಸಭ್ಯ ವಾಕ್ಯ ಬರೆದುಕೊಟ್ಟೆ. ಚಿಕ್ಕಮ್ಮ ಅದನ್ನು ಹೊಡೆದುಹಾಕಿ ತನ್ನದನ್ನು ಬರೆಸಿದಳು: “ಈ ಚೌಕ ಅಳೆಯದೆ ಕತ್ತರಿ ಮುಟ್ಟಿದರೆ ನನ್ನನ್ನು ದೂರಬೇಡಿ.” ಚಿಕ್ಕಪ್ಪನ ಬೆರಳು ಅಭ್ಯಾಸಬಲದಿಂದ ‘ಪುಟಕ್ಕೆ ಹೊಂದಿಸಿ’ ಗುಂಡಿಯ ಹತ್ತಿರ ಹೋದಾಗಲೆಲ್ಲ ಅವಳು ಮಿಷನ್ನಿನಿಂದ ತಲೆಯೆತ್ತದೆ ಗಂಟಲು ಸರಿಮಾಡುತ್ತಿದ್ದಳು.

ಇಷ್ಟೆಲ್ಲ ಆದರೂ ಅವಳ ಮುಖ ಗೆಲುವಾಗಿರಲಿಲ್ಲ. ಟೀಚರ್ ಮನೆಯ ಮಗುವಿಗೆ ಸರಿಯಾದ ಅಳತೆಯ ಫ್ರಾಕೊಂದನ್ನು ಹೊಲಿದಿಟ್ಟಿದ್ದಳು, ಆದರೆ ಆ ಮಗು ನಮ್ಮ ಮನೆಯ ಮುಂದೆ ಹಾಯುವಾಗ ಅಜ್ಜಿಯ ಸೀರೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಿತ್ತು. ಯಾವ ಬಟ್ಟೆಯನ್ನೂ ತಲೆಯಿಂದ ಹಾಕಲು ಬಿಡುತ್ತಿಲ್ಲ ಎಂದು ಟೀಚರ್ ಹೇಳಿದ್ದರು. ಆ ಮಾತು ಕೇಳಿದ ದಿನ ಚಿಕ್ಕಮ್ಮ ಊಟ ಮಾಡಲಿಲ್ಲ.

ಒಂದು ಸಂಜೆ ಟೀಚರ್ ಹೇಗೋ ಮಗುವನ್ನು ಪುಸಲಾಯಿಸಿ ನಮ್ಮ ಬಾಗಿಲವರೆಗೆ ತಂದರು. ಮಗು ಹೊಸ್ತಿಲಲ್ಲೇ ಕಾಲೂರಿ ನಿಂತಿತು. ಚಿಕ್ಕಮ್ಮ ಮಗುವನ್ನು ಕರೆಯಲಿಲ್ಲ, ನೋಡಲೂ ಇಲ್ಲ. ಸೂಪರ್‌ವೈಸರನ್ನು ಕರೆಸಿಟ್ಟಿದ್ದಳು. ಅದರ ಮುಂದೆ ಕೂತು ಹೊಸ ಅಂಗಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಅದು ಕಚ್ಚಿದರೆ ಕಚ್ಚಿತು, ಆದರೆ ಒಂದು ಸಲ ಗುರ್ರೆಂದರೂ ಆ ಮಗು ಮತ್ತೆಂದೂ ಈ ಮೆಟ್ಟಿಲು ಹತ್ತುವುದಿಲ್ಲ.

ನಾಯಿಯ ತಲೆ ಒಳಗೆ ಹೋಯಿತು, ಹೊರಗೆ ಬಂತು. ಕಾಲು ಒಂದಾದ ಮೇಲೊಂದು ತೂರಿದವು. ಸೂಪರ್‌ವೈಸರ್ ಒಮ್ಮೆ ಮೈ ಕೊಡವಿತು, ಅಂಗಿ ಅದರ ಜೊತೆಯೇ ಹೊರಳಿ ಮತ್ತೆ ಜಾಗಕ್ಕೆ ಬಂತು. ಏನೂ ನಡೆದೇ ಇಲ್ಲವೆಂಬಂತೆ ಅಲ್ಲೇ ಮಲಗಿತು.

“ನಾಯಿ ಮುಲಾಜಿಗೆ ಹೊಗಳಲ್ಲ” ಎಂದಳು ಚಿಕ್ಕಮ್ಮ, ಯಾರಿಗೂ ಅಲ್ಲದಂತೆ.

ಮಗು ಹೊಸ್ತಿಲು ದಾಟಿ ಬಂತು. ನಾಯಿಯ ಬೆನ್ನನ್ನು ಮುಟ್ಟಿ ನೋಡಿತು, ಕಂಕುಳಿಗೆ ಬೆರಳು ತೂರಿಸಿ ನೋಡಿತು. ಆಮೇಲೆ ಮೇಜಿನ ಮೇಲಿನ ಫ್ರಾಕನ್ನು ತೋರಿಸಿ, “ಅದು ನಂದಾ?” ಎಂದು ಕೇಳಿ, ಕಣ್ಣು ಬಿಗಿಯಾಗಿ ಮುಚ್ಚಿ, ತಲೆಯನ್ನು ತಾನಾಗಿ ಮುಂದಕ್ಕೆ ಬಗ್ಗಿಸಿತು. ಚಿಕ್ಕಮ್ಮ ಫ್ರಾಕಿನ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಫ್ರಾಕ್ ಇಳಿಯಿತು. ಮಗು ಕಣ್ಣು ತೆರೆದು, ಇಷ್ಟೇನಾ ಎಂಬಂತೆ ಸುತ್ತ ನೋಡಿತು.

ಚಿಕ್ಕಪ್ಪ ಫೋನು ಹಿಡಿದು ಓಡಿ ಬಂದರು. ಬೆಳಕು ನೋಡಿದರು, ಮಗುವಿನ ಗಲ್ಲ ಎತ್ತಿದರು, ನಾಯಿಗೆ ಚಿಟಿಕೆ ಹೊಡೆದರು.

“ಮುಂದಿಂದ ಬೇಡ” ಎಂದಳು ಚಿಕ್ಕಮ್ಮ. “ಹಿಂದಿನಿಂದ ತೆಗೀರಿ.”

“ಹಿಂದಿನಿಂದಾನಾ? ಕವರಿಗೆ?”

“ಪಿನ್ ಇಲ್ಲ ಅಂತ ಕಾಣಲಿ.”

ಜೀವಮಾನದಲ್ಲಿ ಬೆನ್ನನ್ನು ಯಾರಿಗೂ ತೋರಿಸದ ಮನುಷ್ಯ ಫೋನು ಇಳಿಸಿ ಫ್ರಾಕಿನ ಬೆನ್ನನ್ನೊಮ್ಮೆ, ನಾಯಿಯ ಬೆನ್ನನ್ನೊಮ್ಮೆ ನೋಡಿದರು. ಆಮೇಲೆ ಸುತ್ತಿ ಹಿಂದೆ ಹೋಗಿ, ಮಂಡಿಯೂರಿ, ಫೋಟೊ ತೆಗೆದರು. ಬಾಗಿಲಲ್ಲಿ ಒಳಗೆ ಮುಖಮಾಡಿ ಅಕ್ಕಪಕ್ಕ ಕೂತ ಒಂದು ಫ್ರಾಕಿನ ಬೆನ್ನು, ಒಂದು ನಾಯಿಯ ಬೆನ್ನು. ಹಿನ್ನೆಲೆಯಲ್ಲಿ ಮೊಳೆ, ಕ್ಯಾಲೆಂಡರು, ಮತ್ತು ಅರ್ಧ ಕಾಣುವ ಚಿಕ್ಕಮ್ಮ. ಅಳಿಸುವ ಗುಂಡಿಯನ್ನು ಅವರು ಒತ್ತಲಿಲ್ಲ. ಮೇಜು, ಗಿಡ, ಕಾಫಿ ಏನೂ ಬರಲಿಲ್ಲ.

ಹೊಸ ಸಂಗ್ರಹ ಮೊದಲಿನಷ್ಟು ಬೇಗ ಮಾರಾಟವಾಗಲಿಲ್ಲ. ಬಹಳ ದಿನ ಯಾರೂ ಏನೂ ಬರೆಯಲಿಲ್ಲ. ಕೊನೆಗೆ ಒಂದು ಬಂತು. ನಾವು ಮೂವರೂ ಊಟಕ್ಕೆ ಕೂತಿದ್ದಾಗ ಚಿಕ್ಕಪ್ಪ ಅದನ್ನು ತಮ್ಮಷ್ಟಕ್ಕೆ ಓದಿಕೊಂಡು, ಫೋನನ್ನು ಬೋರಲು ಹಾಕಿಟ್ಟರು. ನಾನು ಎತ್ತಿಕೊಂಡು ಗಟ್ಟಿಯಾಗಿ ಓದಿದೆ.

“ಮಗಳಿಗೂ ನಾಯಿಗೂ ಹೊಲಿದೆ. ಇಬ್ಬರೂ ಅಳಲಿಲ್ಲ. ಒಳಗಿರೋದು ಸರಿಯಾಗಿದೆ, ಕವರ್ ಸುಮಾರು. ನಾಲ್ಕು ಸ್ಟಾರ್.”

“ಇನ್ನೊಂದ್ಸಲ ಓದು” ಎಂದಳು ಚಿಕ್ಕಮ್ಮ. ಓದಿದೆ. ಅವಳು ತಟ್ಟೆಯ ಮುಂದೆ ಕೈ ನಿಲ್ಲಿಸಿಕೊಂಡು ಕೇಳಿದಳು.

“ಒಂದು ಸ್ಟಾರ್ ಕಮ್ಮಿ ಕೊಟ್ಟಿದಾರೆ” ಎಂದರು ಚಿಕ್ಕಪ್ಪ, ಮುಖ ಇಳಿಬಿಟ್ಟುಕೊಂಡು.

“ಅದು ನಿಮ್ದು” ಎಂದು ಚಿಕ್ಕಮ್ಮ ಅವರ ತಟ್ಟೆಗೆ ಇನ್ನೊಂದಿಷ್ಟು ಬಡಿಸಿದಳು.